ಅಳೆಯದೆ ನಕಲು ಮಾಡುವ ವಿದ್ಯೆ

ಶಾಲೆಯಲ್ಲಿ ‘ನಕಲು’ ಎಂಬ ಪದಕ್ಕೆ ಒಳ್ಳೆಯ ಹೆಸರಿಲ್ಲ. ಪರೀಕ್ಷಾ ಕೊಠಡಿಯಲ್ಲಿ ಪಕ್ಕದವನ ಉತ್ತರ ಪತ್ರಿಕೆಯತ್ತ ಕಣ್ಣು ಹಾಯಿಸಿದರೆ ಅದು ನಕಲು. ಅಂತರ್ಜಾಲದಿಂದ ಪುಟಗಟ್ಟಲೆ ಇಳಿಸಿಕೊಂಡು ಪ್ರಾಜೆಕ್ಟ್ ಎಂದು ಒಪ್ಪಿಸಿದರೆ ಅದೂ ನಕಲು. ಆದರೆ ಗಣಿತದಲ್ಲಿ ಗೌರವಕ್ಕೆ ಪಾತ್ರವಾದ ಒಂದು ನಕಲು ಇದೆ. ಕೊಟ್ಟಿರುವ ಒಂದು ಕೋನವನ್ನು, ಅದು ಎಷ್ಟು ಡಿಗ್ರಿ ಎಂದು ಅಳೆಯದೆಯೇ, ಕೈವಾರ ಮತ್ತು ನೇರ ಅಂಚಿನ ಪಟ್ಟಿ ಇವೆರಡನ್ನೇ ಬಳಸಿ ಇನ್ನೊಂದು ಕಡೆ ಹಾಗೆಯೇ ರಚಿಸುವುದು. ಈ ಸಣ್ಣ ಪಾಠವನ್ನು ನಮ್ಮ ಮಕ್ಕಳು ಕಾರಣಸಹಿತವಾಗಿ, ತಮ್ಮ ಕೈಯಿಂದಲೇ ಮಾಡಿ ಕಲಿಯಬೇಕು ಎಂಬುದು ಈ ಲೇಖನದಲ್ಲಿ ನಾವು ಹೇಳಬಯಸುವ ಮಾತು.

ಕನ್ನಡ ಕಲಿಸುವ ನಿಮಗೆ ರೇಖಾಗಣಿತದ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ಸಹಜವೇ. ಆದರೆ ಭಾಷೆ ಎನ್ನುವುದು ಕಥೆ, ಕವನ, ಪತ್ರಲೇಖನಗಳಿಗೆ ಮಾತ್ರ ಸೀಮಿತವಲ್ಲ. ಒಂದು ಕೆಲಸವನ್ನು ಮಾಡುವ ಕ್ರಮವನ್ನು, ಕೇಳಿದವರು ತಪ್ಪಿಲ್ಲದೆ ಮಾಡುವಂತೆ ಹೇಳುವುದೂ ಭಾಷೆಯೇ. ಆ ದೃಷ್ಟಿಯಿಂದ ನೋಡಿದರೆ ಕೋನವನ್ನು ನಕಲು ಮಾಡುವ ಪಾಠ ಗಣಿತಕ್ಕೆ ಎಷ್ಟು ಸೇರಿದ್ದೋ ಭಾಷೆಗೂ ಅಷ್ಟೇ ಸೇರಿದ್ದು.

ಮೊದಲು ಕ್ರಮವನ್ನು ನೋಡೋಣ. ಪೋಷಕರೂ ಮಕ್ಕಳ ಕಂಪಾಸ್ ಪೆಟ್ಟಿಗೆಯನ್ನು ಒಮ್ಮೆ ಕೇಳಿ ಪಡೆದು, ಕಾಗದ ಪೆನ್ಸಿಲ್ ಹಿಡಿದು ಕುಳಿತುಕೊಳ್ಳಲಿ. ‘ಅಬಕ’ ಎಂಬ ಕೋನವೊಂದಿದೆ ಎಂದುಕೊಳ್ಳಿ. ಅದರ ಶೃಂಗ, ಅಂದರೆ ಎರಡು ಬಾಹುಗಳು ಕೂಡುವ ಮೂಲೆ, ‘ಬ’.

1. ಕೋನವನ್ನು ಎಲ್ಲಿ ನಕಲು ಮಾಡಬೇಕೋ ಅಲ್ಲಿ ‘ತ’ ಎಂಬ ಬಿಂದುವಿನಿಂದ ಹೊರಡುವ ‘ತಥ’ ಎಂಬ ಕಿರಣವನ್ನು ಎಳೆಯಿರಿ.

2. ಕೈವಾರದ ಮುಳ್ಳನ್ನು ‘ಬ’ದಲ್ಲಿಟ್ಟು, ಯಾವುದಾದರೂ ಒಂದು ಅನುಕೂಲವಾದ ಅಳತೆಯಿಂದ ಕಂಸವೊಂದನ್ನು ಎಳೆಯಿರಿ. ಅದು ‘ಬಅ’ ಬಾಹುವನ್ನು ‘ಮ’ದಲ್ಲಿಯೂ, ‘ಬಕ’ ಬಾಹುವನ್ನು ‘ನ’ದಲ್ಲಿಯೂ ಕತ್ತರಿಸಲಿ.

3. ಅದೇ ಅಳತೆಯಿಂದ, ಮುಳ್ಳನ್ನು ‘ತ’ದಲ್ಲಿಟ್ಟು ಇನ್ನೊಂದು ಉದ್ದನೆಯ ಕಂಸ ಎಳೆಯಿರಿ. ಅದು ‘ತಥ’ ಕಿರಣವನ್ನು ‘ಯ’ದಲ್ಲಿ ಕತ್ತರಿಸಲಿ.

4. ಈಗ ಮೊದಲಿನ ಚಿತ್ರಕ್ಕೆ ಮರಳಿ, ಕೈವಾರದ ಮುಳ್ಳು ‘ನ’ದಲ್ಲಿಯೂ ಪೆನ್ಸಿಲಿನ ತುದಿ ‘ಮ’ದಲ್ಲಿಯೂ ನಿಲ್ಲುವಂತೆ ಅದನ್ನು ಅಗಲಿಸಿಕೊಳ್ಳಿ.

5. ಆ ಅಳತೆ ಕದಲದಂತೆ ಕೈವಾರವನ್ನು ಎತ್ತಿ, ಮುಳ್ಳನ್ನು ‘ಯ’ದಲ್ಲಿಟ್ಟು, ಎರಡನೆಯ ಕಂಸವನ್ನು ‘ರ’ದಲ್ಲಿ ಕತ್ತರಿಸಿ.

6. ‘ತ’ದಿಂದ ‘ರ’ದ ಮೂಲಕ ಗೆರೆ ಎಳೆಯಿರಿ. ‘ರತಯ’ ಕೋನವು ‘ಅಬಕ’ ಕೋನಕ್ಕೆ ಸಮ.

ಇಷ್ಟೇ ಕ್ರಮ. ಆರು ಸಾಲುಗಳನ್ನು ಉರು ಹೊಡೆದು ಬರೆದವನಿಗೆ ಅಂಕವೂ ಸಿಗುತ್ತದೆ. ಆದರೆ ‘ಇದು ಸಮ ಎಂದು ಹೇಗೆ ಹೇಳುತ್ತೀಯೆ?’ ಎಂದು ಕೇಳಿದರೆ ‘ಪುಸ್ತಕದಲ್ಲಿ ಹಾಗಿದೆ’ ಎಂಬ ಉತ್ತರವೇ ಬರುವುದಾದರೆ, ಆ ಮಗು ಕಲಿತದ್ದು ಕೋನದ ನಕಲನ್ನಲ್ಲ, ಪುಸ್ತಕದ ನಕಲನ್ನು. ನಮ್ಮ ತಕರಾರು ಇರುವುದು ಇಲ್ಲಿಯೇ.

ಕಾರಣವೇನೂ ಕಷ್ಟದ್ದಲ್ಲ. ಮೊದಲ ಚಿತ್ರದಲ್ಲಿ ‘ಮ’ ಮತ್ತು ‘ನ’ವನ್ನು ಸೇರಿಸಿ ನೋಡಿ. ಒಂದು ತ್ರಿಭುಜ ಕಾಣುತ್ತದೆ. ಎರಡನೆಯ ಚಿತ್ರದಲ್ಲಿ ‘ರ’ ಮತ್ತು ‘ಯ’ವನ್ನು ಸೇರಿಸಿದರೆ ಇನ್ನೊಂದು ತ್ರಿಭುಜ. ಮೊದಲಿನದರ ಎರಡು ಬಾಹುಗಳನ್ನು ಯಾವ ಅಳತೆಯಿಂದ ಕತ್ತರಿಸಿದೆವೋ ಎರಡನೆಯದರ ಎರಡು ಬಾಹುಗಳನ್ನೂ ಅದೇ ಅಳತೆಯಿಂದ ಕತ್ತರಿಸಿದ್ದೇವೆ. ಮೂರನೆಯ ಬಾಹುವನ್ನು ಕೈವಾರವೇ ಹೊತ್ತು ತಂದಿದೆ. ಮೂರೂ ಬಾಹುಗಳು ಸಮವಾದ ಮೇಲೆ ತ್ರಿಭುಜಗಳು ಸರ್ವಸಮ. ಆದ್ದರಿಂದ ಕೋನಗಳೂ ಸಮ. ಇದನ್ನೇ ಪುಸ್ತಕಗಳು ಬಾಹು-ಬಾಹು-ಬಾಹು ನಿಯಮ ಎನ್ನುತ್ತವೆ.

ಈ ನಿಯಮವನ್ನು ಕೈಯಿಂದ ಮುಟ್ಟಿಯೂ ನೋಡಬಹುದು. ನಾಲ್ಕು ಪಟ್ಟಿಗಳ ತುದಿಗಳನ್ನು ಒಂದೊಂದು ಮೊಳೆಯಿಂದ ಜೋಡಿಸಿ ಚೌಕ ಮಾಡಿ, ಅದರ ಮೂಲೆಯನ್ನು ಒತ್ತಿದರೆ ಅದು ವಾಲುತ್ತದೆ. ಮೂರು ಪಟ್ಟಿಗಳ ತ್ರಿಕೋನ ಹಾಗೆ ವಾಲುವುದಿಲ್ಲ. ಮೂರು ಉದ್ದಗಳು ನಿಶ್ಚಯವಾದರೆ ಅದರ ಮೂಲೆಗಳೂ ನಿಶ್ಚಯವಾದಂತೆ. ನಮ್ಮ ಊರುಗಳ ಹೆಂಚಿನ ಮನೆಯ ಮಾಡಿನ ಕೆಳಗೆ ನಿಂತು ತಲೆಯೆತ್ತಿ ನೋಡಿದರೆ ಮರದ ತೊಲೆಗಳು ತ್ರಿಕೋನವಾಗಿ ಕೂಡಿರುವುದು ಕಾಣುತ್ತದೆ. ಪಾಯಕ್ಕೆ ಗೆರೆ ಹಾಕುವ ಮೇಸ್ತ್ರಿ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಮಾಡಿ, ಎರಡು ಗುರುತುಗಳ ನಡುವೆ 5 ಅಡಿ ಬರುವಂತೆ ದಾರ ಎಳೆದು ಮೂಲೆ ಕೂಡಿಸುವುದೂ ಇದೇ ನಿಯಮದ ಬಲದಿಂದ. ಅವನ ಕೈಯಲ್ಲಿ ಕೋನಮಾಪಕವಿರುವುದಿಲ್ಲ. ಮೂರು ಉದ್ದಗಳಿಂದಲೇ ಲಂಬಕೋನ ಸಿಗುತ್ತದೆ.

ಹಾಗಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ಪೆಟ್ಟಿಗೆಯಲ್ಲಿ ಕೋನಮಾಪಕ ಇರುವಾಗ ಇಷ್ಟೆಲ್ಲ ಏಕೆ? ಅಳೆದು, ಅಷ್ಟೇ ಡಿಗ್ರಿಯ ಕೋನ ಎಳೆದರೆ ಆಯಿತಲ್ಲ? ಕೋನಮಾಪಕವನ್ನು ನಾವು ಹಳಿಯುವುದಿಲ್ಲ. ಅದು ಬಹಳ ಉಪಯೋಗದ ಸಾಧನ. ಆದರೆ ಅದರ ಮೇಲಿರುವ ಗೆರೆಗಳು ಒಂದೊಂದು ಡಿಗ್ರಿಗೆ ಒಂದರಂತೆ ಮಾತ್ರ. ವೃತ್ತವನ್ನು ಏಳು ಸಮ ಭಾಗ ಮಾಡಿದಾಗ ಬರುವ ಕೋನ 51 ಡಿಗ್ರಿಗಿಂತ ಸ್ವಲ್ಪ ಹೆಚ್ಚು, 52ಕ್ಕಿಂತ ಕಡಿಮೆ. 3, 4, 5ರ ಅಳತೆಯ ತ್ರಿಭುಜದ ಚಿಕ್ಕ ಕೋನ ಸುಮಾರು 36.87 ಡಿಗ್ರಿ, ಅದರ ದಶಮಾಂಶ ಕೊನೆಯಾಗುವುದೇ ಇಲ್ಲ. ಇವನ್ನು ಕೋನಮಾಪಕದಲ್ಲಿ ಓದಬೇಕಾದರೆ ‘ಹೆಚ್ಚು ಕಡಿಮೆ ಇಷ್ಟು’ ಎನ್ನಬೇಕಾಗುತ್ತದೆ. ಒಂದು ಡಿಗ್ರಿ ತಾನೇ ಎನ್ನುವಂತಿಲ್ಲ. ಒಂದು ಡಿಗ್ರಿ ತಪ್ಪಿದ ಗೆರೆಯನ್ನು 10 ಮೀಟರ್ ಮುಂದುವರಿಸಿದರೆ ಅದು ಸುಮಾರು 17 ಸೆಂಟಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ.

ಕೈವಾರಕ್ಕೆ ಈ ತಾಪತ್ರಯವಿಲ್ಲ. ಕೋನ ಎಷ್ಟು ಎಂದು ಅದಕ್ಕೆ ಗೊತ್ತಿರಬೇಕಾಗಿಯೇ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೊತ್ತು ತರುತ್ತದೆ. ಪೆನ್ಸಿಲಿನ ಗೆರೆಗೂ ದಪ್ಪವಿದೆ, ಕೈವಾರದ ತಿರುಪು ಸಡಿಲವಾಗಿರಬಹುದು, ಆದ್ದರಿಂದ ಕಾಗದದ ಮೇಲೆ ಇಲ್ಲಿಯೂ ಕೂದಲೆಳೆಯಷ್ಟು ವ್ಯತ್ಯಾಸ ಬರಬಹುದು. ಅದು ಕೈಯ ದೋಷ, ವಿಧಾನದ ದೋಷವಲ್ಲ. ಅಂದಾಜು ಮಾಡುವುದು ಬೇರೆ, ಸಾಧಿಸುವುದು ಬೇರೆ ಎಂಬ ತಿಳಿವಳಿಕೆ ಹನ್ನೊಂದು ಹನ್ನೆರಡು ವರ್ಷದ ಮಗುವಿಗೆ ಇಷ್ಟು ಸುಲಭವಾಗಿ ಬೇರೆ ಯಾವ ಪಾಠದಲ್ಲಿ ಸಿಗುತ್ತದೆ?

ಈ ವಿದ್ಯೆ ನಮ್ಮ ಕೈಗೆ ಬಂದ ದಾರಿಯೂ ದೊಡ್ಡದು. ಕ್ರಿಸ್ತಪೂರ್ವ 300ರ ಸುಮಾರಿಗೆ ಯೂಕ್ಲಿಡ್ ಬರೆದ ‘ಎಲಿಮೆಂಟ್ಸ್’ ಗ್ರಂಥದ ಮೊದಲ ಭಾಗದಲ್ಲಿ 48 ಪ್ರಮೇಯಗಳಿವೆ. ಅವುಗಳಲ್ಲಿ 23ನೆಯದು ಇದೇ: ಕೊಟ್ಟ ಕೋನಕ್ಕೆ ಸಮನಾದ ಕೋನವನ್ನು ಕೊಟ್ಟ ರೇಖೆಯ ಮೇಲೆ ಕೊಟ್ಟ ಬಿಂದುವಿನಲ್ಲಿ ರಚಿಸುವುದು. ಇದನ್ನು ಕಂಡುಹಿಡಿದವನು ಯೂಕ್ಲಿಡನಿಗಿಂತಲೂ ಹಿಂದಿನ, ಕಿಯೋಸ್ ದ್ವೀಪದ ಈನೋಪಿಡೀಸ್ ಎಂದು ಪ್ರೋಕ್ಲಸ್ ಎಂಬ ವ್ಯಾಖ್ಯಾನಕಾರ ಹೇಳಿದ್ದಾನೆ. ಗ್ರೀಕರ ಈ ಗ್ರಂಥ 9ನೆಯ ಶತಮಾನದ ಆರಂಭದಲ್ಲಿ ಬಾಗ್ದಾದಿನಲ್ಲಿ ಅರಬ್ಬಿ ಭಾಷೆಗೆ ಬಂತು. 10ನೆಯ ಶತಮಾನದಲ್ಲಿ ಅದೇ ಬಾಗ್ದಾದಿನಲ್ಲಿ ಅಬುಲ್ ವಫಾ ಎಂಬ ಗಣಿತಜ್ಞರು ಕುಶಲಕರ್ಮಿಗಳಿಗೆ ಬೇಕಾದ ರೇಖಾಗಣಿತದ ರಚನೆಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ನಾವು ಬದುಕು ಕಟ್ಟಿಕೊಂಡಿರುವ ಈ ಕೊಲ್ಲಿ ನಾಡಿನಲ್ಲಿ ಮಸೀದಿಗಳ ಗೋಡೆಯ ಮೇಲೂ ಮರದ ಬಾಗಿಲುಗಳ ಮೇಲೂ ಕಾಣುವ ನಕ್ಷತ್ರಾಕಾರದ ವಿನ್ಯಾಸಗಳು ಕೈವಾರ ಮತ್ತು ಪಟ್ಟಿಯ ಆ ಪರಂಪರೆಗೇ ಸೇರಿದವು. ಮಕ್ಕಳು ಅವನ್ನು ದಿನವೂ ನೋಡುತ್ತಾರೆ. ಅವುಗಳ ಹಿಂದೆ ತಮ್ಮ ಪೆಟ್ಟಿಗೆಯಲ್ಲಿರುವ ಕೈವಾರವೇ ಇದೆ ಎಂದು ಅವರಿಗೆ ನಾವೇ ಹೇಳಬೇಕು.

ಅರಬ್ಬಿಯಿಂದ ಈ ಗ್ರಂಥ ಭಾರತಕ್ಕೂ ಬಂತು. 18ನೆಯ ಶತಮಾನದ ಆರಂಭದಲ್ಲಿ ಸವಾಯಿ ಜಯಸಿಂಹನ ಆಶ್ರಯದಲ್ಲಿದ್ದ ಜಗನ್ನಾಥ ಸಾಮ್ರಾಟ್ ಎಂಬ ಪಂಡಿತರು, ನಸೀರುದ್ದೀನ್ ತೂಸಿಯ ಅರಬ್ಬಿ ಪಾಠವನ್ನು ಆಧರಿಸಿ ಅದನ್ನು ಸಂಸ್ಕೃತಕ್ಕೆ ತಂದರು. ಆ ಸಂಸ್ಕೃತ ಕೃತಿಯ ಹೆಸರು ‘ರೇಖಾಗಣಿತ’. ನಮ್ಮ ಕನ್ನಡ ಶಾಲೆಗಳಲ್ಲಿ ಈ ವಿಷಯಕ್ಕೆ ಇರುವ ಹೆಸರೂ ಅದೇ. ಅದಕ್ಕೂ ಬಹಳ ಹಿಂದೆಯೇ ನಮ್ಮಲ್ಲಿ ಹಗ್ಗ ಮತ್ತು ಗೂಟಗಳಿಂದ ಯಜ್ಞವೇದಿಕೆಗಳ ಆಕೃತಿಗಳನ್ನು ರಚಿಸುವ ಶುಲ್ಬಸೂತ್ರಗಳಿದ್ದವು. ‘ಶುಲ್ಬ’ ಎಂದರೆ ಹಗ್ಗ. ವಿದ್ಯೆ ಒಂದು ದೇಶದಿಂದ ಇನ್ನೊಂದು ದೇಶಕ್ಕೆ, ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ಹೀಗೆ ದಾಟಿ ಬಂದದ್ದು ಅದರ ಕಾರಣವನ್ನು ಅರಿತವರು ಇದ್ದುದರಿಂದ. ಗಿಳಿಪಾಠದಿಂದ ಅದು ಇಷ್ಟು ದೂರ ಬರುತ್ತಿರಲಿಲ್ಲ.

ಇಂತಹ ಪಾಠ ನಮ್ಮ ಕಣ್ಣೆದುರಿಗೇ ಒಮ್ಮೆ ಪುಸ್ತಕದಿಂದ ಹೊರಗೆ ಹೋಯಿತು. ಎನ್‌ಸಿಇಆರ್‌ಟಿಯ ಹಿಂದಿನ ಆರನೆಯ ತರಗತಿಯ ಗಣಿತ ಪುಸ್ತಕದಲ್ಲಿ, ಅಳತೆ ಗೊತ್ತಿಲ್ಲದ ಕೋನವನ್ನು ನಕಲು ಮಾಡುವ ಭಾಗ ‘ಪ್ರಾಯೋಗಿಕ ರೇಖಾಗಣಿತ’ದ ಅಧ್ಯಾಯದಲ್ಲಿತ್ತು. ಕೋವಿಡ್ ನಂತರ ಮಕ್ಕಳ ಹೊರೆ ತಗ್ಗಿಸಲೆಂದು 2022ರಲ್ಲಿ ಪಠ್ಯ ಕಡಿತವಾದಾಗ ಆ ಅಧ್ಯಾಯವೂ, ಒಂಬತ್ತು ಹತ್ತನೆಯ ತರಗತಿಗಳ ‘ರಚನೆಗಳು’ ಅಧ್ಯಾಯಗಳೂ ಹೊರಬಿದ್ದವು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂಬಂತೆ ಮಕ್ಕಳು ಸಂತೋಷಪಟ್ಟಿದ್ದರೆ ಅವರ ತಪ್ಪಲ್ಲ. 2024ರಲ್ಲಿ ಬಂದ ಆರನೆಯ ತರಗತಿಯ ಹೊಸ ‘ಗಣಿತ ಪ್ರಕಾಶ’ ಪುಸ್ತಕದಲ್ಲಿ ರಚನೆಗಳಿಗೇ ಮೀಸಲಾದ ಅಧ್ಯಾಯ ಮತ್ತೆ ಬಂದಿರುವುದು ಸಮಾಧಾನದ ಸಂಗತಿ. ಆದರೆ ಈ ಎರಡು ವರ್ಷಗಳ ನಡುವೆ ಆರನೆಯ ತರಗತಿ ದಾಟಿದ ಮಕ್ಕಳು ನಮ್ಮಂತಹ ಶಾಲೆಗಳಲ್ಲಿ ಇದ್ದಾರೆ. ಅವರಲ್ಲಿ ಹಲವರಿಗೆ ಕೈವಾರ ಎಂದರೆ ಪೆಟ್ಟಿಗೆಯಲ್ಲಿ ಮಲಗಿರುವ ಒಂದು ಮುಳ್ಳಿನ ವಸ್ತು. ಪುಸ್ತಕದಲ್ಲಿ ಅಧ್ಯಾಯ ಬರಲಿ ಹೋಗಲಿ, ಆ ಮಕ್ಕಳ ಕೈಗೆ ಅದನ್ನು ಕೊಡುವ ಜವಾಬ್ದಾರಿ ದೊಡ್ಡವರದೇ.

ಏಕೆಂದರೆ ಮುಂದಿನ ಎಷ್ಟೋ ಪಾಠಗಳು ಇದರ ಮೇಲೆ ನಿಂತಿವೆ. ಒಂದು ರೇಖೆಗೆ ಹೊರಗಿನ ಬಿಂದುವಿನ ಮೂಲಕ ಸಮಾಂತರ ರೇಖೆ ಎಳೆಯಬೇಕಾದರೆ ಕೋನವನ್ನೇ ನಕಲು ಮಾಡಬೇಕು. ಒಂದು ಬಾಹು ಮತ್ತು ಅದರ ಎರಡು ತುದಿಗಳ ಕೋನಗಳನ್ನು ಕೊಟ್ಟು ತ್ರಿಭುಜ ರಚಿಸು ಎಂದರೂ ಅದೇ. ಎಲ್ಲವೂ ಈ ಎರಡು ಸಾಧನಗಳಿಂದ ಆಗುತ್ತದೆಯೇ ಎಂದರೆ, ಇಲ್ಲ. ಯಾವ ಕೋನವನ್ನಾದರೂ ನಕಲು ಮಾಡಬಹುದು, ಎರಡು ಸಮ ಭಾಗ ಮಾಡಬಹುದು. ಆದರೆ ಮೂರು ಸಮ ಭಾಗ ಮಾಡುವ ಎಲ್ಲ ಕೋನಗಳಿಗೂ ಹೊಂದುವ ವಿಧಾನ ಇರಲಾರದು ಎಂದು 1837ರಲ್ಲಿ ಪಿಯರ್ ವಾಂಟ್ಸೆಲ್ ಎಂಬ ಫ್ರೆಂಚ್ ಗಣಿತಜ್ಞ ಸಾಧಿಸಿ ತೋರಿಸಿದ. ಸಾಮಾನ್ಯವಾದ 60 ಡಿಗ್ರಿಯ ಕೋನವನ್ನೇ ಕೈವಾರ ಮತ್ತು ಪಟ್ಟಿಯಿಂದ ಮೂರು ಪಾಲು ಮಾಡಲಾಗದು. ಏನು ಸಾಧ್ಯ, ಏನು ಅಸಾಧ್ಯ ಎಂದು ತರ್ಕದಿಂದಲೇ ತಿಳಿಯಬಹುದು ಎನ್ನುವುದು ಎಂತಹ ಮಗುವನ್ನೂ ಬೆರಗುಗೊಳಿಸುವ ವಿಷಯ.

ಈಗ ಭಾಷೆಯ ಮಾತಿಗೆ ಬರೋಣ. ಮೇಲೆ ಕೊಟ್ಟ ಎರಡನೆಯ ಹಂತದಲ್ಲಿ ‘ಯಾವುದಾದರೂ ಒಂದು’ ಎಂದಿದೆ. ಮೂರನೆಯ ಹಂತದಲ್ಲಿ ‘ಅದೇ’ ಎಂದಿದೆ. ಇಡೀ ರಚನೆಯ ಜೀವ ಈ ಎರಡು ಪದಗಳಲ್ಲಿದೆ. ಮೊದಲ ಅಳತೆ ನಮ್ಮ ಇಷ್ಟ. ದೊಡ್ಡದಾಗಿ ತೆಗೆದುಕೊಂಡರೂ ಆಯಿತು, ಚಿಕ್ಕದಾಗಿ ತೆಗೆದುಕೊಂಡರೂ ಆಯಿತು. ಎರಡನೆಯದು ನಮ್ಮ ಇಷ್ಟವಲ್ಲ. ಮೊದಲು ತೆಗೆದುಕೊಂಡದ್ದಕ್ಕೇ ಬದ್ಧರಾಗಿರಬೇಕು. ‘ಅದೇ’ ಎಂಬ ಎರಡಕ್ಷರ ಬಿಟ್ಟು ಬರೆದರೆ, ಓದಿದವರು ಕೈವಾರವನ್ನು ಬೇರೆ ಅಳತೆಗೆ ಅಗಲಿಸಿ ಬೇರೆಯೇ ಕೋನ ಎಳೆಯುತ್ತಾರೆ. ವ್ಯಾಕರಣದ ತರಗತಿಯಲ್ಲಿ ‘ಏ’ ಎಂಬ ಅವಧಾರಣೆಯ ಬಗ್ಗೆ ಎಷ್ಟು ಹೇಳಿದರೂ ಆಕಳಿಸುವ ಮಕ್ಕಳು, ತಾವು ಬರೆದ ಕ್ರಮವನ್ನು ಗೆಳೆಯ ಓದಿ ತಪ್ಪು ಕೋನ ಎಳೆದಾಗ ಆ ‘ಏ’ಕಾರದ ಬೆಲೆಯನ್ನು ತಟ್ಟನೆ ಅರಿಯುತ್ತಾರೆ. ಇದನ್ನು ನಮ್ಮ ಕನ್ನಡ ತರಗತಿಗಳಲ್ಲಿ ಕಂಡೇ ಹೇಳುತ್ತಿದ್ದೇವೆ. ಒಬ್ಬರು ಬರೆಯುವುದು, ಇನ್ನೊಬ್ಬರು ಚಿತ್ರವನ್ನು ನೋಡದೆ ಆ ಬರಹದಂತೆಯೇ ರಚಿಸುವುದು. ನಲವತ್ತು ನಿಮಿಷದ ಅವಧಿ ಹೋದದ್ದೇ ತಿಳಿಯುವುದಿಲ್ಲ.

ಪದಗಳಲ್ಲಿಯೂ ಸ್ವಾರಸ್ಯವಿದೆ. ‘ಮ’ದಿಂದ ‘ನ’ಕ್ಕೆ ಎಳೆಯುವ ನೇರ ಗೆರೆಯನ್ನು ‘ಜ್ಯಾ’ ಎನ್ನುತ್ತೇವೆ. ಜ್ಯಾ ಎಂದರೆ ಬಿಲ್ಲಿನ ಹೆದೆ. ಕಂಸವು ಬಗ್ಗಿದ ಬಿಲ್ಲು, ಅದರ ತುದಿಗಳನ್ನು ಬಿಗಿದದ್ದು ಹೆದೆ. ಬಿಲ್ಲಿನ ವೃತ್ತ ಅದೇ ಇದ್ದು, ಹೆದೆಯೂ ಅಷ್ಟೇ ಉದ್ದವಿದ್ದರೆ ಕೋನವೂ ಅಷ್ಟೇ ಎಂದರೆ ಮಗುವಿಗೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ನಮ್ಮ ಮಕ್ಕಳು ಗಣಿತವನ್ನು ಇಂಗ್ಲಿಷಿನಲ್ಲಿ ಕಲಿಯುತ್ತಾರೆ, ಕಲಿಯಲಿ. ಅದರ ಜೊತೆಗೆ ಕೈವಾರ, ಕಂಸ, ಶೃಂಗ, ಜ್ಯಾ ಎಂಬ ಪದಗಳೂ ಅವರ ಕಿವಿಗೆ ಬಿದ್ದರೆ ನಷ್ಟವೇನೂ ಇಲ್ಲ. ಕನ್ನಡ ಎಂದರೆ ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡುವ ಭಾಷೆ ಮಾತ್ರ, ಯೋಚಿಸುವ ಭಾಷೆಯಲ್ಲ ಎಂಬ ಭಾವನೆ ಅವರ ಮನಸ್ಸಿನಲ್ಲಿ ಬೇರೂರುವುದು ಇಂತಹ ಪದಗಳು ಕೇಳದೇ ಹೋಗುವುದರಿಂದ.

ಕಂಪ್ಯೂಟರ್ ಇರುವಾಗ ಕೈವಾರ ಏಕೆ ಎಂಬ ವಾದವೂ ಇದೆ. ‘ಜಿಯೋಜೀಬ್ರಾ’ದಂತಹ ತಂತ್ರಾಂಶ ಒಳ್ಳೆಯದೇ. ಬಿಂದುವನ್ನು ಎಳೆದಾಡಿ, ಕೋನ ಹಿಗ್ಗಿದರೂ ಕುಗ್ಗಿದರೂ ಅದರ ನಕಲು ಸಮವಾಗಿಯೇ ಉಳಿಯುವುದನ್ನು ಅದು ಕ್ಷಣದಲ್ಲಿ ತೋರಿಸುತ್ತದೆ. ಕಾಗದದಲ್ಲಿ ಇದು ಆಗದು. ಆದರೆ ಗುಂಡಿ ಒತ್ತಿದ ಕೂಡಲೇ ಕೋನ ಸಿದ್ಧವಾದರೆ, ಅಳತೆಯನ್ನು ಕದಲಿಸದೆ ಹೊತ್ತು ತರುವ ಎಚ್ಚರಿಕೆ ಕೈಗೆ ಅಭ್ಯಾಸವಾಗುವುದಿಲ್ಲ. ಮೊದಲು ಕೈ, ಆಮೇಲೆ ತೆರೆ ಎಂಬ ಕ್ರಮವನ್ನು ಇಟ್ಟುಕೊಂಡರೆ ಎರಡೂ ಒಂದಕ್ಕೊಂದು ನೆರವಾಗುತ್ತವೆ. ಪ್ರಬಂಧವನ್ನೂ ಪ್ರಾಜೆಕ್ಟನ್ನೂ ಯಂತ್ರವೇ ಬರೆದು ಕೊಡುವ ಈ ಕಾಲದಲ್ಲಿ, ‘ಇದು ಹೇಗೆ ಬಂತು, ಏಕೆ ಸರಿ?’ ಎಂದು ಕೇಳುವ ಅಭ್ಯಾಸವಿಲ್ಲದ ಮಗು ಸರಿ ತಪ್ಪುಗಳನ್ನು ಒಂದೇ ಸಮನೆ ನಕಲು ಮಾಡುತ್ತದೆ. ನಮಗೆ ಭಯವಿರುವುದು ಅದರ ಬಗ್ಗೆ.

ಹಾಗಾದರೆ ಏನು ಮಾಡಬಹುದು? ಗಣಿತದ ಸಹೋದ್ಯೋಗಿಗಳಲ್ಲಿ ನಮ್ಮ ವಿನಂತಿ ಇಷ್ಟೇ: ರಚನೆಗೆ ಕೊಡುವ ಅಂಕಗಳಲ್ಲಿ ಒಂದನ್ನಾದರೂ ಕಾರಣ ಬರೆಯುವುದಕ್ಕೆ ಇಡಿ. ಭಾಷಾ ಶಿಕ್ಷಕರು, ಕನ್ನಡವಾಗಲಿ ಹಿಂದಿಯಾಗಲಿ ಮಲಯಾಳವಾಗಲಿ ಅರಬ್ಬಿಯಾಗಲಿ, ವರ್ಷದಲ್ಲಿ ಒಂದು ಅವಧಿಯನ್ನು ರಚನಾ ಕ್ರಮ ಬರೆಯಿಸುವುದಕ್ಕೆ ಮೀಸಲಿಡೋಣ. ಈ ಸಂಚಿಕೆಯಲ್ಲಿ ಇಷ್ಟು ಭಾಷೆಗಳ ಪುಟಗಳು ಒಂದೇ ರಟ್ಟಿನೊಳಗೆ ಕೂಡಿರುವ ಹಾಗೆ, ಒಂದೇ ಕೋನವನ್ನು ಅಷ್ಟೂ ಭಾಷೆಗಳಲ್ಲಿ ಹೇಳಿ ಎಳೆಯುವ ಸ್ಪರ್ಧೆಯೊಂದನ್ನು ಶಾಲಾ ದಿನಾಚರಣೆಯಲ್ಲಿ ಏಕೆ ಇಡಬಾರದು?

ಪೋಷಕರು ಒಂದು ಶುಕ್ರವಾರ ಮಗುವಿನ ಕಂಪಾಸ್ ಪೆಟ್ಟಿಗೆಯನ್ನು ತೆರೆದು ನೋಡಲಿ. ಕೈವಾರದ ತಿರುಪು ಸಡಿಲವಿದ್ದರೆ ಬಿಗಿ ಮಾಡಿ, ಪೆನ್ಸಿಲನ್ನು ಚೂಪು ಮಾಡಿ ಕೊಡಲಿ. ಬಾಗಿಲು ಅರ್ಧ ತೆರೆದಾಗ, ಕತ್ತರಿ ಅಗಲಿಸಿದಾಗ ಆಗುವ ಕೋನವನ್ನು ಕಾಗದದ ಮೇಲೆ ಗುರುತು ಮಾಡಿ ‘ಇದನ್ನು ಅಳೆಯದೆ ಪಕ್ಕದಲ್ಲಿ ಎಳೆದು ತೋರಿಸು’ ಎನ್ನಲಿ. ಎಳೆದು ತೋರಿಸಿದ ಮೇಲೆ ‘ಸರಿ ಎಂದು ಹೇಗೆ ಗೊತ್ತು?’ ಎಂದೂ ಕೇಳಲಿ.

ಮಕ್ಕಳೇ, ನಿಮಗೊಂದು ಮಾತು. ಐದನೆಯ ಹಂತದಲ್ಲಿ ಕಂಸವನ್ನು ‘ತಥ’ ಗೆರೆಯ ಮೇಲ್ಗಡೆಯೂ ಕತ್ತರಿಸಬಹುದು, ಕೆಳಗಡೆಯೂ ಕತ್ತರಿಸಬಹುದು. ಎರಡೂ ಕಡೆ ಕೋನ ಸಮವೇ ಬರುತ್ತದೆಯೇ? ಬಂದರೆ ಏಕೆ? ಇದಕ್ಕೆ ಉತ್ತರವನ್ನು ನಾವು ಇಲ್ಲಿ ಬರೆಯುವುದಿಲ್ಲ. ರಚಿಸಿ ನೋಡಿ, ಕಾರಣವನ್ನು ನಾಲ್ಕು ಸಾಲು ಕನ್ನಡದಲ್ಲಿ ಬರೆದು ತರಗತಿಗೆ ತನ್ನಿ. ಬರಹದಲ್ಲಿ ಕಾಗುಣಿತ ತಪ್ಪಿದ್ದರೆ ನಾವು ತಿದ್ದುತ್ತೇವೆ.